ಬಿಸಿಗಾಳಿ ಬಲೂನಿನಲ್ಲಿ ಪ್ರಯಾಣಿಕರನ್ನು ಹಾರಿಸುವುದು: ತೂಕದ ಲೆಕ್ಕದಿಂದ ಬಟ್ಟೆ ಮಡಚುವವರೆಗೆ

ಒಬ್ಬರೇ ಹಾರಿ ಅಭ್ಯಾಸವಾದವರಿಗೆ ನಾಲ್ಕು ಜನರನ್ನು ಹತ್ತಿಸಿಕೊಂಡು ಹಾರುವುದೂ ಅದೇ ಕೆಲಸ, ಸ್ವಲ್ಪ ಭಾರ ಜಾಸ್ತಿ ಅಷ್ಟೇ ಅನ್ನಿಸುತ್ತದೆ. ಹಾಗಲ್ಲ. ವಿಮಾನದಲ್ಲಿ ಪ್ರಯಾಣಿಕ ಬೆಲ್ಟ್ ಹಾಕಿಕೊಂಡು ಕೂತರೆ ಅವನ ಪಾಲಿನ ಕೆಲಸ ಮುಗಿಯಿತು. ಬಲೂನಿನಲ್ಲಿ ಅವನಿಗೆ ಸೀಟೂ ಇಲ್ಲ, ಬೆಲ್ಟೂ ಇಲ್ಲ. ಅವನು ಎಷ್ಟು ತೂಗುತ್ತಾನೆ, ಬುಟ್ಟಿಯಲ್ಲಿ ಎಲ್ಲಿ ನಿಂತಿದ್ದಾನೆ, ನೆಲ ತಾಕುವಾಗ ಮಂಡಿ ಮಡಚಿದನೋ ಇಲ್ಲವೋ, ನೀವು ಹೇಳುವ ಮೊದಲೇ ಹೊರಗೆ ಕಾಲಿಟ್ಟನೋ, ಇವೆಲ್ಲ ಹಾರಾಟದ ಭಾಗವೇ. ಆದ್ದರಿಂದ ಈ ಬರಹದ ಬಹುಪಾಲು ನೆಲದ ಮೇಲೆ ಮಾಡಬೇಕಾದ ಕೆಲಸದ ಬಗ್ಗೆ ಇದೆ. ಮೇಲಿರುವ ಆ ಒಂದು ಗಂಟೆ ಹೋಲಿಕೆಯಲ್ಲಿ ಸುಲಭ.

ಬಲೂನು ಹಾರಿಸುವುದನ್ನು ಶುರುವಿನಿಂದ ಕಲಿಸುವ ಬರಹ ಇದಲ್ಲ. ಕಲಿತು, ಲೈಸೆನ್ಸ್ ಪಡೆದು, ಇನ್ನು ಬೇರೆಯವರನ್ನು ಕರೆದೊಯ್ಯೋಣ ಅಂದುಕೊಂಡವರಿಗಾಗಿ ಇದು.

ಮೊದಲು ಕಾಗದಪತ್ರ

ಸ್ನೇಹಿತರನ್ನು ಪುಕ್ಕಟೆ ಕರೆದೊಯ್ಯುವುದಕ್ಕೂ ಹಣ ಪಡೆದು ಹಾರಿಸುವುದಕ್ಕೂ ಹೆಚ್ಚಿನ ದೇಶಗಳಲ್ಲಿ ಬೇರೆ ಬೇರೆ ಅರ್ಹತೆ ಇದೆ. ಯುರೋಪಿನ ನಿಯಮದಲ್ಲಿ ಹಣ ಪಡೆದು ಹಾರಿಸುವವರಿಗೆ 18 ವರ್ಷ ತುಂಬಿರಬೇಕು, ಪೈಲಟ್ ಆಗಿ 50 ಗಂಟೆ ಹಾರಿರಬೇಕು, 50 ಸಲ ಏರಿ ಇಳಿದಿರಬೇಕು. ಅಮೆರಿಕದಲ್ಲಿ ಕಮರ್ಷಿಯಲ್ ಪೈಲಟ್ ಸರ್ಟಿಫಿಕೇಟ್ ಬೇಕು. ಅಲ್ಲಿ ಬಲೂನ್ ಪೈಲಟ್‌ಗಳಿಗೆ ವೈದ್ಯಕೀಯ ತಪಾಸಣೆ ಕಡ್ಡಾಯ ಅನ್ನುವ ನಿಯಮ ಬಂದದ್ದು 2022ರಲ್ಲಿ. ಅದಕ್ಕೆ ಕಾರಣ 2016ರ ಜುಲೈ 30ರಂದು ಟೆಕ್ಸಾಸ್‌ನ ಲಾಕ್‌ಹಾರ್ಟ್ ಬಳಿ ವಿದ್ಯುತ್ ತಂತಿಗೆ ಬಡಿದು 16 ಜನ ಸತ್ತ ದುರಂತ. ಮಂಜು ಮುಸುಕಿದ್ದರೂ ಹೊರಟದ್ದು ಮೊದಲ ತಪ್ಪು. ಜೊತೆಗೆ ಯೋಚನಾಶಕ್ತಿ ಕುಂದಿಸುವ ಔಷಧಗಳೂ ಪೈಲಟ್‌ನ ದೇಹದಲ್ಲಿದ್ದವು ಎಂದು ತನಿಖೆ ಹೇಳಿತು.

"ಗ್ಯಾಸಿನ ಖರ್ಚು ಮಾತ್ರ ಹಂಚಿಕೊಂಡೆವು" ಅನ್ನುವುದು ಹಣ ಪಡೆದಂತೆ ಆಗುತ್ತದೋ ಇಲ್ಲವೋ ಅನ್ನುವುದನ್ನು ನಿಮ್ಮ ವಿಮಾನಯಾನ ಇಲಾಖೆಯನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವಿಮೆ ಪ್ರಯಾಣಿಕರಿಗೂ ಅನ್ವಯಿಸುತ್ತದೋ, ಜಮೀನಿನ ಬೆಳೆ ಹಾನಿಗೂ ಅನ್ವಯಿಸುತ್ತದೋ ನೋಡಿಕೊಳ್ಳಿ. ಬಲೂನಿನ ವಾರ್ಷಿಕ ತಪಾಸಣೆ ಮುಗಿದಿದೆ ಅನ್ನುವ ಕಾಗದ ಕೈಯಲ್ಲಿರಲಿ. ಇಷ್ಟಾದರೆ ಕಾಗದದ ಮಾತು ಸಾಕು.

ತೂಕದ ಲೆಕ್ಕ

ಇಲ್ಲಿ ಅವಸರ ಬೇಡ. ಬಲೂನನ್ನು ಎತ್ತುವುದು ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಇರುವ ತೂಕದ ವ್ಯತ್ಯಾಸ, ಬೇರೇನೂ ಅಲ್ಲ. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಘನ ಮೀಟರ್ ಗಾಳಿ ಸುಮಾರು 1.225 ಕಿಲೋ ತೂಗುತ್ತದೆ. ಅದೇ ಗಾಳಿಯನ್ನು 100 ಡಿಗ್ರಿಗೆ ಕಾಯಿಸಿದರೆ 0.946 ಕಿಲೋಗೆ ಇಳಿಯುತ್ತದೆ. ವ್ಯತ್ಯಾಸ 0.279 ಕಿಲೋ. 3,000 ಘನ ಮೀಟರಿನ ಬಲೂನಾದರೆ ಒಟ್ಟು ಎತ್ತುವ ಶಕ್ತಿ 837 ಕಿಲೋ.

ಈಗ ಇದೇ ಬಲೂನನ್ನು ಹೊರಗೆ 30 ಡಿಗ್ರಿ ಇರುವ ಸಂಜೆ ಹಾರಿಸಿ ನೋಡಿ. ಹೊರಗಿನ ಗಾಳಿಯೇ ಹಗುರವಾಗಿ ಘನ ಮೀಟರಿಗೆ 1.165 ಕಿಲೋ ಆಗಿರುತ್ತದೆ. ಒಳಗೆ ಅದೇ 100 ಡಿಗ್ರಿ ಇಟ್ಟುಕೊಂಡರೆ ಸಿಗುವುದು ಸುಮಾರು 656 ಕಿಲೋ ಮಾತ್ರ. ಬಲೂನಿನ ಬಟ್ಟೆ, ಬುಟ್ಟಿ, ಗ್ಯಾಸ್ ಉರಿಸಿ ಗಾಳಿ ಕಾಯಿಸುವ ಬರ್ನರ್, ತುಂಬಿದ ಸಿಲಿಂಡರ್‌ಗಳು ಎಲ್ಲ ಸೇರಿ 380 ಕಿಲೋ ಅಂತ ಇಟ್ಟುಕೊಳ್ಳಿ. ತಂಪು ಮುಂಜಾವಿನಲ್ಲಿ ಪೈಲಟ್ ಸೇರಿ 457 ಕಿಲೋ ಜನ ಹತ್ತಬಹುದಿತ್ತು. ಬಿಸಿ ಸಂಜೆಯಲ್ಲಿ 276 ಕಿಲೋ. ಬೆಳಗ್ಗೆ ನಾಲ್ವರು ಪ್ರಯಾಣಿಕರನ್ನು ಆರಾಮವಾಗಿ ಒಯ್ದ ಬಲೂನಿಗೆ ಸಂಜೆ ಇಬ್ಬರೇ ಸಾಕು. ಎತ್ತರದ ಪ್ರದೇಶದಿಂದ ಹೊರಟರೆ ಇನ್ನೂ ಕಡಿಮೆ: ಸಮುದ್ರ ಮಟ್ಟದಿಂದ 1,000 ಮೀಟರ್ ಮೇಲಿರುವ ಜಾಗದಲ್ಲಿ ಗಾಳಿಯ ಸಾಂದ್ರತೆಯೇ ಹತ್ತಿರ ಹತ್ತಿರ ಶೇ. 10ರಷ್ಟು ತಗ್ಗಿರುತ್ತದೆ.

"ಇನ್ನೂ ಸ್ವಲ್ಪ ಕಾಯಿಸಿದರಾಯಿತು" ಅನ್ನುವವರಿದ್ದಾರೆ. ನೈಲಾನ್ ಬಟ್ಟೆಯ ಗರಿಷ್ಠ ಮಿತಿ ಸಾಮಾನ್ಯವಾಗಿ 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಿತಿಯ ಹತ್ತಿರ ಪದೇ ಪದೇ ಹಾರಿಸಿದರೆ ನೆತ್ತಿಯ ಭಾಗದ ಬಟ್ಟೆ ಬೇಗ ಸವೆದು ಗಾಳಿ ಸೋರಲು ಶುರುವಾಗುತ್ತದೆ. ಗ್ಯಾಸೂ ಹೆಚ್ಚು ಸುಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೇಲೆ ಅನಿರೀಕ್ಷಿತವಾಗಿ ಕೆಳಕ್ಕೆ ಇಳಿಯತೊಡಗಿದಾಗ ತಡೆಯಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನಿಮ್ಮ ಬಲೂನಿನ ಕೈಪಿಡಿಯಲ್ಲಿ ಲೋಡ್ ಚಾರ್ಟ್ ಇರುತ್ತದೆ. ಮೇಲಿನ ಲೆಕ್ಕ ವಿಷಯ ತಿಳಿಯಲಿ ಅಂತ ಹೇಳಿದ್ದು, ಹಾರುವ ದಿನ ಆ ಚಾರ್ಟನ್ನೇ ನೋಡಿ.

ಪ್ರಯಾಣಿಕರ ತೂಕವನ್ನು ಕೇಳಿ ಬರೆದುಕೊಳ್ಳಬೇಡಿ, ತೂಗಿ. ಜನ ಸುಳ್ಳು ಹೇಳುತ್ತಾರೆ ಅಂತಲ್ಲ. ಹೋದ ವರ್ಷದ ತೂಕ ಹೇಳುತ್ತಾರೆ, ಶೂ, ಜಾಕೆಟ್, ಕ್ಯಾಮೆರಾ ಚೀಲ ಬಿಟ್ಟು ಹೇಳುತ್ತಾರೆ. ಎಲ್ಲರ ಮುಂದೆ ಅಂಕಿ ಓದಿ ಹೇಳುವ ಅಗತ್ಯವಿಲ್ಲ. ಕಾಟಾವನ್ನು ಒಂದು ಬದಿಗಿಟ್ಟು ಒಬ್ಬೊಬ್ಬರನ್ನೇ ಕರೆದರೆ ಯಾರಿಗೂ ಮುಜುಗರವಿಲ್ಲ.

ಯಾರನ್ನು ಹತ್ತಿಸಿಕೊಳ್ಳಬಹುದು

ಬುಟ್ಟಿಯ ಅಂಚು ಸಾಮಾನ್ಯವಾಗಿ ಎದೆಮಟ್ಟಕ್ಕೆ ಬರುತ್ತದೆ. ಅದರಾಚೆ ನೋಡಲಾಗದಷ್ಟು ಚಿಕ್ಕ ಮಕ್ಕಳಿಗೆ ಹಾರಾಟದಲ್ಲಿ ಮಜವೂ ಇಲ್ಲ, ಇಳಿಯುವಾಗ ಹೇಳಿದ ಹಾಗೆ ಹಿಡಿದುಕೊಳ್ಳಲೂ ಆಗದು. ಎತ್ತಿಕೊಂಡು ಹಾರುತ್ತೇನೆ ಅನ್ನುವ ತಂದೆತಾಯಿಗೆ ಖಂಡಿತ ಬೇಡ ಅನ್ನಿ. ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಬೆನ್ನು ಮಂಡಿ ಸೊಂಟದ ತೊಂದರೆ ಇರುವವರು, ಮೂಳೆ ಸವೆತ ಇರುವವರು ಹಾರಬಾರದು. ಕಾರಣ ಎತ್ತರವಲ್ಲ, ಇಳಿಯುವಾಗಿನ ಕುಲುಕು. ಕುಡಿದು ಬಂದವರನ್ನು ಹಣ ವಾಪಸ್ ಕೊಟ್ಟಾದರೂ ಕಳಿಸಿಬಿಡಿ.

ಎತ್ತರದ ಭಯ ಇದೆ ಅನ್ನುವವರ ವಿಷಯ ಬೇರೆ. ಬಲೂನು ಗಾಳಿಯ ಜೊತೆಗೇ ಸಾಗುವುದರಿಂದ ಮುಖಕ್ಕೆ ಗಾಳಿ ಬಡಿಯುವುದಿಲ್ಲ, ಬುಟ್ಟಿ ಓಲಾಡುವುದಿಲ್ಲ, ನೆಲಕ್ಕೆ ಕಟ್ಟಿದ ಏನೂ ಕಣ್ಣಿಗೆ ಬೀಳುವುದಿಲ್ಲ. ಮಾಳಿಗೆಯ ಅಂಚಿನಲ್ಲಿ ನಿಂತಾಗ ತಲೆ ತಿರುಗುವವರೂ ಇಲ್ಲಿ ಸಮಾಧಾನವಾಗಿರುವುದು ಸಾಮಾನ್ಯ. ಆದರೂ ಒತ್ತಾಯ ಮಾಡಬೇಡಿ. ಮಧ್ಯದಲ್ಲಿ ಇಳಿಸುವ ದಾರಿಯಿಲ್ಲ.

ಮುಂಚಿನ ದಿನವೇ ಎಲ್ಲರಿಗೂ ತಿಳಿಸಿ: ಹತ್ತಿ ಬಟ್ಟೆ, ಬೆರಳು ಮುಚ್ಚುವ ಚಪ್ಪಟೆ ಶೂ, ತಲೆಗೊಂದು ಟೋಪಿ. ಬರ್ನರ್ ನೆತ್ತಿಯ ಮೇಲೇ ಉರಿಯುತ್ತದೆ, ಎತ್ತರದವರಿಗೆ ಅದರ ಕಾವು ಚೆನ್ನಾಗಿಯೇ ತಾಗುತ್ತದೆ. ಹೊರಡುವ ಮೊದಲು ಶೌಚಕ್ಕೆ ಹೋಗಿ ಬನ್ನಿ ಅನ್ನುವುದನ್ನೂ ಸಂಕೋಚವಿಲ್ಲದೆ ಹೇಳಿ.

ಹವಾಮಾನ, ಮತ್ತು ಇವತ್ತು ಬೇಡ ಅನ್ನುವುದು

ಸೂರ್ಯೋದಯದ ನಂತರದ ಎರಡು ಮೂರು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಎರಡು ಗಂಟೆ: ಬಲೂನಿನ ಹೊತ್ತು ಇಷ್ಟೇ. ಬಿಸಿಲೇರಿದರೆ ನೆಲ ಕಾದು ಬಿಸಿಗಾಳಿಯ ಕಂಬಗಳು ಏಳುತ್ತವೆ. ಅವುಗಳಲ್ಲಿ ಸಿಕ್ಕ ಬಲೂನು ನಿಮ್ಮ ಮಾತು ಕೇಳುವುದಿಲ್ಲ. ಸಂಜೆಗಿಂತ ಬೆಳಗ್ಗೆಯೇ ನನ್ನ ಆಯ್ಕೆ. ಬೆಳಗಿನ ಗಾಳಿ ಹೊತ್ತು ಹೋದಂತೆ ಜೋರಾಗುತ್ತದೆ, ನಿಜ. ಆದರೆ ಸಂಜೆ ಕತ್ತಲು ಹಿಂದೆಯೇ ಬರುತ್ತಿರುತ್ತದೆ. ಇಳಿಯಲು ಜಾಗ ಸಿಗದಿದ್ದರೆ ಬೆಳಗ್ಗೆ ಇನ್ನೂ ಸ್ವಲ್ಪ ಮುಂದೆ ಹೋಗಬಹುದು, ಸಂಜೆ ಆ ಅವಕಾಶವಿಲ್ಲ.

ನೆಲದ ಗಾಳಿ 8ರಿಂದ 10 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ದಾಟಿದರೆ ಪ್ರಯಾಣಿಕರನ್ನು ಹತ್ತಿಸಬೇಡಿ. ಕೈಪಿಡಿ ಅದಕ್ಕಿಂತ ಹೆಚ್ಚಿನ ಮಿತಿ ಕೊಟ್ಟಿರಬಹುದು, ಅದು ಬಲೂನಿನ ಮಿತಿ. ಮಂಡಿಯ ಮಿತಿ ಅಲ್ಲ. 3,000 ಘನ ಮೀಟರ್ ಬಲೂನಿನ ಒಳಗಿನ ಗಾಳಿಯೇ 2,800 ಕಿಲೋಗೂ ಹೆಚ್ಚು ತೂಗುತ್ತದೆ. ಮೇಲೆ ತೇಲುವಾಗ ಆ ತೂಕ ಗೊತ್ತಾಗುವುದಿಲ್ಲ, ನೆಲ ತಾಕಿದ ಮೇಲೆ ಬುಟ್ಟಿಯನ್ನು ಎಳೆದುಕೊಂಡು ಹೋಗುವುದು ಅದೇ. ವೇಗ 5 ನಾಟ್‌ನಿಂದ 10ಕ್ಕೆ ಏರಿದರೆ ಅರಗಿಸಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಮುನ್ಸೂಚನೆ ಓದಿದ ಮೇಲೂ ಮೈದಾನದಲ್ಲಿ ಒಂದು ಸಣ್ಣ ಹೀಲಿಯಂ ಬಲೂನು ಬಿಟ್ಟು ನೋಡಿ. ಪೈಬಾಲ್ ಅನ್ನುತ್ತಾರೆ ಇದಕ್ಕೆ. ಅದು ಎಲ್ಲಿ ತಿರುಗಿತು, ಎಲ್ಲಿ ಓಡಿತು ಅನ್ನುವುದನ್ನು ಕಣ್ಮರೆಯಾಗುವವರೆಗೆ ಗಮನಿಸಿ. ನೆಲದಲ್ಲಿ ಎಲೆ ಅಲುಗದಿದ್ದರೂ ನೂರೈವತ್ತು ಮೀಟರ್ ಮೇಲೆ ಗಾಳಿ ಓಡುತ್ತಿರಬಹುದು. ಬಿಸಿಲು ಬಿದ್ದ ಮೇಲೆ ಆ ಗಾಳಿಯೇ ಕೆಳಗಿಳಿಯುತ್ತದೆ, ಅಷ್ಟರಲ್ಲಿ ನೀವು ಇಳಿಯುವ ಹೊತ್ತಾಗಿರುತ್ತದೆ. ಮಂಜು, ತಗ್ಗಿದ ಮೋಡ, ದೂರದಲ್ಲೆಲ್ಲೋ ಗುಡುಗು, ಇವುಗಳಲ್ಲಿ ಯಾವುದಿದ್ದರೂ ಚರ್ಚೆ ಬೇಡ. ಗುಡುಗು ಮಳೆಯಿಂದ ಹೊರಟ ಗಾಳಿ ಹತ್ತಾರು ಕಿಲೋಮೀಟರ್ ದೂರಕ್ಕೂ ನುಗ್ಗುತ್ತದೆ.

ಕಷ್ಟ ಇರುವುದು ಹವಾಮಾನ ಓದುವುದರಲ್ಲಲ್ಲ. ಕತ್ತಲಲ್ಲೇ ಎದ್ದು, ದೂರದಿಂದ ಬಂದು, ಮದುವೆಯ ವಾರ್ಷಿಕೋತ್ಸವ ಅಂತ ನಗುತ್ತ ನಿಂತಿರುವ ದಂಪತಿಗೆ ಇವತ್ತು ಆಗುವುದಿಲ್ಲ ಅನ್ನುವುದರಲ್ಲಿ. ಇದಕ್ಕೆ ಉಪಾಯ ಹಿಂದಿನ ದಿನವೇ ಮಾಡಬೇಕು. ಹಣ ತೆಗೆದುಕೊಳ್ಳುವಾಗಲೇ ರದ್ದಾಗುವ ಸಾಧ್ಯತೆಯನ್ನು ಹೇಳಿ, ಬೇರೆ ದಿನ ಅಥವಾ ಪೂರ್ತಿ ಹಣ ವಾಪಸ್ ಅನ್ನುವುದನ್ನು ಬರೆದುಕೊಡಿ. ಮಿತಿಯ ಅಂಕಿಗಳನ್ನು ಮನೆಯಲ್ಲೇ ಗಟ್ಟಿ ಮಾಡಿಕೊಂಡು ಬನ್ನಿ. ಮೈದಾನದಲ್ಲಿ ನಿಂತು ಮಿತಿ ನಿರ್ಧರಿಸುವವರು ಗಾಳಿಯನ್ನು ನೋಡುವುದಿಲ್ಲ, ಮುಖಗಳನ್ನು ನೋಡುತ್ತಾರೆ.

ಮೈದಾನದಲ್ಲಿ

ಬಟ್ಟೆ ಹಾಸುವ ಮೊದಲೇ ಪ್ರಯಾಣಿಕರಿಗೆ ನಿಲ್ಲುವ ಜಾಗ ತೋರಿಸಿ. ಬಟ್ಟೆಗೆ ಗಾಳಿ ತುಂಬುವ ಫ್ಯಾನ್ ಹತ್ತಿರ ಯಾರೂ ಬರಬಾರದು. ಶಾಲು, ದುಪಟ್ಟಾ, ಬಿಟ್ಟ ಕೂದಲು ಅದಕ್ಕೆ ಸಿಕ್ಕರೆ ಮುಗಿಯಿತು. ಬೀಡಿ ಸಿಗರೇಟು ಪೂರ್ತಿ ನಿಷೇಧ. ಬರ್ನರಿಗೆ ಬಳಸುವ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಬುಟ್ಟಿಯ ತಳದಲ್ಲೇ ನಿಲ್ಲುತ್ತದೆ. ದ್ರವರೂಪದ ಪ್ರೊಪೇನ್ ಕುದಿಯುವುದೇ ಸೊನ್ನೆಗಿಂತ ಕೆಳಗೆ 42 ಡಿಗ್ರಿಯಲ್ಲಿ, ಹಾಗಾಗಿ ಚರ್ಮಕ್ಕೆ ತಾಗಿದರೆ ಸುಟ್ಟಂಥ ಗಾಯ. ಹೋಸ್ ಜೋಡಿಸುವಾಗ ಚರ್ಮದ ಕೈಗವಸು ಕಳಚಬೇಡಿ. ಪ್ರತಿ ಸಿಲಿಂಡರಿನಿಂದಲೂ ಬರ್ನರ್ ಉರಿಸಿ ನೋಡಿ, ಒಂದರಿಂದ ಉರಿಯಿತು ಅಂತ ಬಿಡಬೇಡಿ. ಎಳೆದ ಕೂಡಲೇ ಬಿಚ್ಚಿಕೊಳ್ಳುವ ಕ್ವಿಕ್ ರಿಲೀಸ್ ಹಗ್ಗ ವಾಹನಕ್ಕೆ ಕಟ್ಟಿಯೇ ಇರಲಿ, ಗಾಳಿ ಇಲ್ಲದ ದಿನವೂ.

ಸುರಕ್ಷತೆಯ ಸೂಚನೆಗಳನ್ನು ಬಟ್ಟೆ ಎದ್ದು ನಿಂತ ಮೇಲೆ ಹೇಳುವುದು ಬಹಳ ಕಡೆ ಕಾಣುವ ರೂಢಿ. ಪ್ರಯೋಜನವಿಲ್ಲ. ಅಷ್ಟು ದೊಡ್ಡ ಬಣ್ಣದ ಗುಡ್ಡ ಕಣ್ಣ ಮುಂದೆ ಏಳುತ್ತಿರುವಾಗ ಯಾರ ಕಿವಿಯೂ ನಿಮ್ಮ ಕಡೆ ಇರುವುದಿಲ್ಲ, ಬರ್ನರಿನ ಸದ್ದು ಬೇರೆ. ಬುಟ್ಟಿ ನೆಟ್ಟಗೆ ನಿಂತು ಫ್ಯಾನ್ ಇನ್ನೂ ಶುರುವಾಗದಿರುವಾಗಲೇ ಹೇಳಿ, ಮತ್ತು ಹೇಳಿ ಬಿಡಬೇಡಿ, ಮಾಡಿಸಿ. ಎಲ್ಲರೂ ಒಳಗೆ ಹತ್ತಲಿ. ಪ್ರಯಾಣದ ದಿಕ್ಕಿಗೆ ಬೆನ್ನು, ಅಂಚಿಗೆ ಬೆನ್ನು ಆನಿಸಿ, ಮಂಡಿ ಅರ್ಧ ಮಡಚಿ, ಪಾದ ಜೋಡಿಸಿ, ಒಳಗಿನ ಹಗ್ಗದ ಹಿಡಿಕೆಗಳನ್ನು ಎರಡೂ ಕೈಯಲ್ಲಿ ಹಿಡಿಯುವುದು. ಮೊಬೈಲು ಜೇಬಿನೊಳಗೆ. ಕೈ ಬುಟ್ಟಿಯ ಹೊರಗೆ ಚಾಚುವಂತಿಲ್ಲ. ಪೂರ್ತಿ ಕುಕ್ಕರುಗಾಲಲ್ಲಿ ಕೂರುವುದೂ ಬೇಡ, ನೆಟ್ಟಗೆ ನಿಲ್ಲುವುದೂ ಬೇಡ. ಒಬ್ಬೊಬ್ಬರ ಮಂಡಿ ನೋಡಿ, ತಿದ್ದಿ, ಇನ್ನೊಂದು ಸಲ ಮಾಡಿಸಿ. ಬುಟ್ಟಿಯ ವಿನ್ಯಾಸಕ್ಕೆ ತಕ್ಕಂತೆ ಭಂಗಿ ಸ್ವಲ್ಪ ಬದಲಾಗುತ್ತದೆ, ಕೈಪಿಡಿಯಲ್ಲಿದ್ದಂತೆ ಮಾಡಿ.

ಹಾಗೆಯೇ ಮುಟ್ಟಬಾರದ್ದನ್ನು ಬೆರಳು ತೋರಿಸಿ ಹೇಳಿ: ಗ್ಯಾಸ್ ಹೋಸ್, ವಾಲ್ವ್, ಮೇಲಿನಿಂದ ಇಳಿಬಿದ್ದ ಬಣ್ಣದ ಹಗ್ಗಗಳು. ಫೋಟೋಗೆ ನಿಲ್ಲುವಾಗ ಜನ ಸಹಜವಾಗಿ ಹಿಡಿಯುವುದು ಇವನ್ನೇ.

ಕೊನೆಯ ಸೂಚನೆಯೇ ಎಲ್ಲಕ್ಕಿಂತ ದೊಡ್ಡದು. ನಾನು ಹೆಸರು ಹಿಡಿದು ಇಳಿಯಿರಿ ಅನ್ನುವವರೆಗೆ ಯಾರೂ ಬುಟ್ಟಿ ಬಿಡುವಂತಿಲ್ಲ. ಏಕೆ ಅನ್ನುವುದನ್ನೂ ಹೇಳಿ, ಕಾರಣ ಗೊತ್ತಿದ್ದರೆ ಜನ ನೆನಪಿಟ್ಟುಕೊಳ್ಳುತ್ತಾರೆ. 75 ಕಿಲೋ ಇಳಿದ ಕ್ಷಣವೇ ಬಲೂನು 75 ಕಿಲೋ ಹಗುರಾಗಿ ಉಳಿದವರನ್ನು ಹೊತ್ತು ಮೇಲೇಳುತ್ತದೆ. 2013ರ ಫೆಬ್ರವರಿ 26ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಇಳಿಯುವ ಹೊತ್ತಿಗೆ ಬಲೂನಿಗೆ ಬೆಂಕಿ ಹೊತ್ತಿಕೊಂಡಾಗ ಪೈಲಟ್ ಮತ್ತು ಒಬ್ಬ ಪ್ರಯಾಣಿಕ ಹೊರಬಿದ್ದು ಬದುಕಿದರು. ಭಾರ ಕಳೆದುಕೊಂಡು, ಬೆಂಕಿಯಿಂದ ಇನ್ನಷ್ಟು ಕಾದ ಬಲೂನು ಮತ್ತೆ ಮೇಲೇರಿ ಬಿತ್ತು. ಉಳಿದ 19 ಜನರೂ ಸತ್ತರು. ಪ್ರಯಾಣಿಕರಿಗೆ ಈ ಕಥೆ ಹೇಳಿ ಹೆದರಿಸಬೇಕಿಲ್ಲ. ನಿಮಗೆ ಗೊತ್ತಿರಲಿ.

ಮೇಲೇಳುವಾಗ

ಮರಗಳ ಮರೆಯಿಂದ, ಗುಡ್ಡದ ಮಗ್ಗುಲಿನಿಂದ ಹೊರಡುವವರು ಸುಳ್ಳು ಏರಿಕೆಯ ಬಗ್ಗೆ ಎಚ್ಚರವಾಗಿರಬೇಕು. ಬುಟ್ಟಿ ಮರೆಯಲ್ಲಿದ್ದು ಬಲೂನಿನ ನೆತ್ತಿಗೆ ಮಾತ್ರ ಗಾಳಿ ತಾಗುತ್ತಿದ್ದರೆ, ಆ ಗಾಳಿ ನೆತ್ತಿಯ ಮೇಲೆ ಹಾದುಹೋಗುವಾಗ ಮೇಲಕ್ಕೆ ಎಳೆಯುತ್ತದೆ. ಸಾಕಷ್ಟು ಕಾಯಿಸದೆಯೇ ಬಲೂನು ಎದ್ದುಬಿಡುತ್ತದೆ. ಗಾಳಿಯ ವೇಗಕ್ಕೆ ಬಲೂನೂ ಬಂದ ಕೂಡಲೇ ಆ ಎಳೆತ ಮಾಯ. ಆಗ ಎದುರಿಗೆ ಮರಗಳ ಸಾಲು, ಬಲೂನು ಇಳಿಮುಖ. ಎದ್ದ ಮೇಲೂ ಬರ್ನರ್ ಉರಿಸುತ್ತಲೇ ಇರುವುದೊಂದೇ ದಾರಿ. ಪ್ರಯಾಣಿಕರು ಕೈ ಬೀಸುವುದರಲ್ಲಿ ಮಗ್ನರಾಗಿರುವ ಈ ಅರ್ಧ ನಿಮಿಷದಲ್ಲಿ ನೀವು ಯಾರ ಜೊತೆಯೂ ಮಾತಾಡಬೇಡಿ.

ಬುಟ್ಟಿ ಹಿಡಿದ ಗ್ರೌಂಡ್ ಕ್ರೂ, ಅಂದರೆ ನೆಲದ ಮೇಲಿನ ಸಹಾಯಕರು, ಅಂಗೈಯಿಂದ ಒತ್ತಿ ಹಿಡಿದಿರಬೇಕು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಕಾಲು ನೆಲ ಬಿಟ್ಟರೆ ಆ ಕ್ಷಣವೇ ಬಿಡಬೇಕು. ಇದನ್ನು ಅವರಿಗೆ ಪ್ರತಿ ಸಲವೂ ಹೇಳಿ.

ಗಾಳಿಯಲ್ಲಿ

ಬರ್ನರ್ ಉರಿಸಿದ್ದಕ್ಕೆ ಬಲೂನು ಉತ್ತರ ಕೊಡಲು ಹತ್ತು ಸೆಕೆಂಡಿನ ಆಸುಪಾಸು ಬೇಕು, ಜನ ತುಂಬಿದ ದೊಡ್ಡ ಬಲೂನಿಗೆ ಇನ್ನೂ ಹೆಚ್ಚು. ಹಗುರ ಬಲೂನಿನ ಅಭ್ಯಾಸದಲ್ಲಿ ಬಂದವರಿಗೆ ಮೊದಮೊದಲು ಇದು ಮೋಸ ಮಾಡುತ್ತದೆ. ಇಳಿಯುತ್ತಿರುವುದು ಕಂಡ ಮೇಲೆ ಉರಿಸಿದರೆ ತಡವಾಯಿತು. ಏರುವ ಇಳಿಯುವ ವೇಗ ತೋರಿಸುವ ವೇರಿಯೋಮೀಟರ್ ನೋಡುತ್ತ ಚಿಕ್ಕ ಚಿಕ್ಕದಾಗಿ, ಲಯ ತಪ್ಪದೆ ಉರಿಸಿ.

ಬಲೂನಿಗೆ ಚುಕ್ಕಾಣಿ ಎತ್ತರವೇ. ಉತ್ತರಾರ್ಧಗೋಳದಲ್ಲಿ ಮೇಲೇರಿದಂತೆ ಗಾಳಿ ಸಾಮಾನ್ಯವಾಗಿ ಬಲಕ್ಕೆ ತಿರುಗುತ್ತದೆ, ದಕ್ಷಿಣದಲ್ಲಿ ಎಡಕ್ಕೆ. ಇದನ್ನು ಪ್ರಯಾಣಿಕರಿಗೆ ತೋರಿಸಿ ಹೇಳಿದರೆ ಅವರಿಗೂ ಖುಷಿ. ಬರ್ನರ್ ಉರಿಸುವ ಮೊದಲು ಒಂದು ಮಾತು ಹೇಳುವುದು ಒಳ್ಳೆಯದು, ಇಲ್ಲದಿದ್ದರೆ ಮೊದಲ ಸಲ ಎಲ್ಲರೂ ಬೆಚ್ಚುತ್ತಾರೆ. ಕೆಳಗೆ ದನ, ಕುದುರೆ, ಕೋಳಿ ಸಾಕಣೆ ಕಂಡರೆ ಎತ್ತರ ಕಾಪಾಡಿಕೊಳ್ಳಿ, ಅಥವಾ ಇದ್ದರೆ ಸದ್ದು ಕಡಿಮೆ ಮಾಡುವ ಬರ್ನರನ್ನು ಬಳಸಿ. ಸಾವಿರಾರು ಅಡಿ ಏರಿಸು ಅಂತ ಕೇಳುವವರು ಇರುತ್ತಾರೆ. ಆದರೆ ಮರದ ತುದಿಗಳ ಮೇಲೆ ನಿಧಾನವಾಗಿ ಸಾಗುವುದೇ ಅವರಿಗೆ ಕೊನೆಗೆ ನೆನಪುಳಿಯುವುದು, ತಂತಿಗಳಿಲ್ಲ ಅನ್ನುವುದು ಖಚಿತವಿದ್ದಲ್ಲಿ ಮಾತ್ರ.

ಕನಿಷ್ಠ ಅರ್ಧ ಗಂಟೆ ಹಾರುವಷ್ಟು ಗ್ಯಾಸ್ ಉಳಿದಿರುವಾಗಲೇ ನೆಲದಲ್ಲಿರುವಂತೆ ಲೆಕ್ಕ ಹಾಕಿ.

ತಂತಿಗಳು

ಬಲೂನಿನ ದೊಡ್ಡ ಶತ್ರು ವಿದ್ಯುತ್ ತಂತಿ. ಮೇಲಿನಿಂದ ನೋಡಿದರೆ ತಂತಿ ಕಾಣುವುದೇ ಇಲ್ಲ, ಕಂಬ ಹುಡುಕಿ. ರಸ್ತೆಯ ಪಕ್ಕ, ಒಂಟಿ ಮನೆಯ ಕಡೆ, ಪಂಪ್‌ಸೆಟ್ಟಿನ ಕಡೆ ತಂತಿ ಇದ್ದೇ ಇದೆ ಅಂದುಕೊಂಡೇ ಸಾಗಿ. ಹುಡುಕುವ ಕೆಲಸಕ್ಕೆ ಪ್ರಯಾಣಿಕರನ್ನೂ ಹಚ್ಚಿ: ಕಂಬ ಕಂಡವರು ಕೂಗಿ ಹೇಳಿ ಅಂದರೆ ಎಂಟು ಕಣ್ಣು ಹೆಚ್ಚಾಯಿತು.

ತಂತಿ ತಪ್ಪಿಸಲಾಗದಷ್ಟು ಹತ್ತಿರ ಬಂದಿದ್ದರೆ ಮೇಲೆ ಹಾರಿಸಿ ದಾಟಲು ನೋಡಬೇಡಿ. ಕೈ ಬರ್ನರಿಗೆ ಹೋಗುವುದು ಸಹಜ, ಆದರೆ ಆ ಹತ್ತು ಸೆಕೆಂಡು ನಿಮ್ಮ ಬಳಿ ಇಲ್ಲ. ನೆತ್ತಿಯಿಂದ ಬಿಸಿಗಾಳಿ ಹೊರಬಿಡುವ ವೆಂಟ್ ಎಳೆದು ತೀವ್ರವಾಗಿ ಇಳಿಸಿ. ತಂತಿ ತಾಗುವುದಾದರೆ ಮೇಲಿನ ಬಟ್ಟೆಗೆ ತಾಗಲಿ. ಬುಟ್ಟಿಗೆ, ಸಿಲಿಂಡರಿಗೆ ಬೇಡ. ಸಮಯವಿದ್ದರೆ ಪೈಲಟ್ ಲೈಟ್ (ಬರ್ನರ್ ಹೊತ್ತಿಸಲು ಸದಾ ಉರಿಯುವ ಸಣ್ಣ ಜ್ವಾಲೆ) ಆರಿಸಿ, ಗ್ಯಾಸ್ ಮುಚ್ಚಿ. 2012ರ ಜನವರಿ 7ರಂದು ನ್ಯೂಜಿಲೆಂಡಿನ ಕಾರ್ಟರ್ಟನ್‌ನಲ್ಲಿ ತಂತಿಯನ್ನು ದಾಟಿ ಏರುವ ಪ್ರಯತ್ನದಲ್ಲೇ ಬಲೂನು ಸಿಕ್ಕಿಬಿದ್ದು 11 ಜನರೂ ಸತ್ತರು. ತಂತಿಗೆ ಸಿಕ್ಕಿಕೊಂಡು ನೆಲ ಮುಟ್ಟಿದ್ದರೆ, ವಿದ್ಯುತ್ ಕಡಿತವಾದದ್ದು ಖಚಿತವಾಗುವವರೆಗೆ ಯಾರೂ ಬುಟ್ಟಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟುವಂತಿಲ್ಲ. ಹೊರಗಿನವರು ಹತ್ತಿರ ಬರುವಂತಿಲ್ಲ.

ಇಳಿಯುವುದು

ಮೊದಲು ಕಂಡ ಒಳ್ಳೆಯ ಜಾಗವನ್ನು ಬಿಟ್ಟು ಮುಂದೆ ಇನ್ನೂ ಚೆನ್ನಾಗಿದ್ದೀತು ಅಂತ ಹೋಗುವುದು ಪ್ರಯಾಣಿಕರಿದ್ದಾಗ ಹೆಚ್ಚು. ಅವರಿಗೆ ಪೂರ್ತಿ ಒಂದು ಗಂಟೆ ಕೊಡಬೇಕು ಅನ್ನುವ ದಾಕ್ಷಿಣ್ಯ. ಐವತ್ತು ನಿಮಿಷಕ್ಕೇ ಇಳಿದರೆ ಯಾರೂ ಗಡಿಯಾರ ನೋಡುವುದಿಲ್ಲ.

ಜಾಗ ಆಯ್ದುಕೊಂಡ ಮೇಲೆ, ನೆಲ ಇನ್ನೂ ದೂರವಿರುವಾಗಲೇ, ಇಳಿಯುವ ಭಂಗಿ ಎಂದು ಗಟ್ಟಿಯಾಗಿ ಹೇಳಿ. ಹೇಳಿ ತಿರುಗಿ ನೋಡಿ. ಒಬ್ಬರಾದರೂ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿರುತ್ತಾರೆ. ಮೆತ್ತಗಿನ ದನಿ ಈಗ ಬೇಡ, ಆಮೇಲೆ ಕ್ಷಮೆ ಕೇಳಬಹುದು. ಬುಟ್ಟಿ ಉರುಳುವ ಸಾಧ್ಯತೆ ಇದ್ದರೆ ಅದನ್ನೂ ಮೊದಲೇ ಹೇಳಿಬಿಡಿ: ಉರುಳುತ್ತದೆ, ಸ್ವಲ್ಪ ದೂರ ಎಳೆಯುತ್ತದೆ, ನಿಲ್ಲುತ್ತದೆ, ನೀವು ಹಿಡಿಕೆ ಬಿಡಬೇಡಿ. ಮುನ್ಸೂಚನೆ ಇದ್ದವರು ನಗುತ್ತ ಎದ್ದುಬರುತ್ತಾರೆ, ಇಲ್ಲದವರು ಗಾಬರಿಯಲ್ಲಿ ಕೈ ಚಾಚಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಜೋರು ಗಾಳಿಯಲ್ಲಾದರೆ ನೆಲ ತಾಕುವ ಮೊದಲೇ ಪೈಲಟ್ ಲೈಟ್ ಆರಿಸಿ, ತಾಕುತ್ತಿದ್ದಂತೆ ವೆಂಟ್ ಪೂರ್ತಿ ಎಳೆದು ಹಿಡಿದೇ ಇರಿ.

ಬುಟ್ಟಿ ನಿಂತ ಮೇಲೂ ಬಲೂನು ನೆಟ್ಟಗಿದ್ದರೆ ಯಾರೂ ಇಳಿಯಬಾರದು. ಗ್ರೌಂಡ್ ಕ್ರೂ ಬಂದು ಭಾರ ಹಾಕಿದ ಮೇಲೆ ಒಬ್ಬೊಬ್ಬರಾಗಿ ಇಳಿಸಿ, ಅಥವಾ ಗಾಳಿ ಬಿಟ್ಟು ಬಟ್ಟೆ ಮಲಗಿದ ಮೇಲೆ.

ಇಳಿದ ಮೇಲೆ

ಜಮೀನಿನ ಮಾಲೀಕರನ್ನು ಮೊದಲು ಮಾತಾಡಿಸಿ, ಬಟ್ಟೆ ಮಡಚುವುದು ಆಮೇಲೆ. ಅನುಮತಿ ಸಿಗುವವರೆಗೆ ವಾಹನ ಹೊಲದೊಳಗೆ ಬರಬಾರದು. ಬಲೂನಿಗಿಂತ ಬೆಳೆಗೆ ಹಾನಿ ಮಾಡುವುದು ಟೈರು, ಮತ್ತು ನೋಡಲು ಓಡಿಬರುವ ಜನ. ಈ ಸಮಸ್ಯೆ ಬಲೂನಿನಷ್ಟೇ ಹಳೆಯದು: 1783ರ ಆಗಸ್ಟ್ 27ರಂದು ಪ್ಯಾರಿಸ್‌ನಿಂದ ಹೊರಟ ಮೊದಲ ಹೈಡ್ರೋಜನ್ ಬಲೂನು ಗೊನೆಸ್ ಎಂಬ ಹಳ್ಳಿಯಲ್ಲಿ ಬಿದ್ದಾಗ ಊರವರು ಅದನ್ನು ಕವೆಗೋಲಿನಿಂದ ತಿವಿದು ಹರಿದುಹಾಕಿದರು. ಬೇಲಿ ಮುರಿದಿದ್ದರೆ ಅಲ್ಲೇ ಒಪ್ಪಿಕೊಂಡು ಪರಿಹಾರ ಮಾತಾಡಿ, ಹೆಸರು ವಿವರ ಕೊಟ್ಟು ಬನ್ನಿ. ಇಳಿಯಬೇಡಿ ಅಂದವರ ಹೊಲವನ್ನು ನಕ್ಷೆಯಲ್ಲಿ ಗುರುತು ಮಾಡಿ, ಮುಂದೆ ಆ ಕಡೆ ಬಂದರೂ ಇಳಿಯಬೇಡಿ.

ಪ್ರಯಾಣಿಕರಿಗೆ ಬಟ್ಟೆ ಚೀಲಕ್ಕೆ ತುಂಬುವ ಕೆಲಸ ಕೊಡಬಹುದು, ಹೆಚ್ಚಿನವರು ಇಷ್ಟಪಟ್ಟು ಮಾಡುತ್ತಾರೆ. ಸಿಲಿಂಡರ್ ಕಳಚುವ ಕೆಲಸ ಮಾತ್ರ ಬೇಡ. ಕಳಚುವ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಹೋಸಿನಲ್ಲಿ ಉಳಿದ ಗ್ಯಾಸನ್ನು ಸುಟ್ಟು ಖಾಲಿ ಮಾಡಿ. ಇಬ್ಬನಿಯಲ್ಲಿ ಒದ್ದೆಯಾದ ಬಟ್ಟೆಯನ್ನು ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಅದೇ ದಿನ ಅಥವಾ ಮರುದಿನ ಬಿಚ್ಚಿ ಒಣಗಿಸಿ.

ಲಾಗ್‌ಬುಕ್ಕಿನಲ್ಲಿ ಹಾರಿದ ಸಮಯದ ಜೊತೆಗೆ ಹೊತ್ತ ಒಟ್ಟು ತೂಕ, ಹೊರಗಿನ ತಾಪಮಾನ, ಒಳಗೆ ಮುಟ್ಟಿದ ಗರಿಷ್ಠ ತಾಪಮಾನ, ಉಳಿದ ಗ್ಯಾಸ್ ಇಷ್ಟನ್ನೂ ಬರೆದಿಡಿ. ನೆತ್ತಿಗೆ ಅಂಟಿಸಿದ ತಾಪಮಾನದ ಪಟ್ಟಿಯಲ್ಲಿ ಮಿತಿ ದಾಟಿದ ಗುರುತು ಕಂಡರೆ, ಇಳಿಯುವಾಗ ಬುಟ್ಟಿ ಜೋರಾಗಿ ಬಡಿದಿದ್ದರೆ, ತಪಾಸಣೆ ಆಗದೆ ಮತ್ತೆ ಯಾರನ್ನೂ ಹತ್ತಿಸಿಕೊಳ್ಳಬೇಡಿ.